ಟಕ್ ಅಂದಮೇಲೆ ಕೊಡಲೇಬೇಕು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಫೋನು ಮಾಡಿದವನು, ತಮ್ಮ ನಡೆಸುತ್ತಿದ್ದ ನಾಯಿ ತರಬೇತಿ ಶಾಲೆಗೆ ನಾಯಿಗಳನ್ನು ಕರೆತರುವ ವ್ಯಾನಿನ ಡ್ರೈವರು.

"ಯಾವ ನಾಯಿ ಕಚ್ತಪ್ಪಾ?" ಎಂದಳು ಅಕ್ಕ. 'ನಿನ್ನ ಸಾವು ನಾಯಿ ಬಾಯಲ್ಲೇ ಕಣೋ' ಎಂದು ತಮ್ಮನಿಗೆ ಹೇಳಿ ಹೇಳಿ ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ.

"ಯಾವುದೂ ಕಚ್ಚಿಲ್ಲಮ್ಮಾ. ಎದೆ ನೋವು ಅಂತ ಕೂತ್ರು, ಏಳಲೇ ಇಲ್ಲ."

ಅಕ್ಕ ಶಾಲೆಯ ಮೈದಾನಕ್ಕೆ ಓಡಿದಳು. ತಮ್ಮನನ್ನು ಹೊದಿಕೆಯ ಮೇಲೆ ಮಲಗಿಸಿದ್ದರು. ಅವನ ಎದುರಿಗೆ ನಾಯಿಗಳೆಲ್ಲ ಸಾಲಾಗಿ, ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದವು. 'ಕೂರು' ಎಂದವನು 'ಏಳು' ಎಂದಿರಲಿಲ್ಲ.

ಅವನ ಪಾಠಶಾಲೆಯನ್ನು ಅಕ್ಕ ನಂಬಿದವಳೇ ಅಲ್ಲ. ದಂಡಂ ದಶಗುಣಂ ಎಂದು ಮಕ್ಕಳನ್ನು ಸೌಟಿನಲ್ಲೇ ತಿದ್ದಿ ಬೆಳೆಸಿದವಳು. ತಮ್ಮನೋ ಬೆತ್ತ ಮುಟ್ಟಿದವನಲ್ಲ. ನಾಯಿ ಹೇಳಿದಂತೆ ಕೇಳಿದರೆ ನಾಲಿಗೆಯಲ್ಲಿ 'ಟಕ್' ಎನ್ನುತ್ತಿದ್ದ, ಒಂದು ಚೂರು ಬಿಸ್ಕತ್ತು ಕೊಡುತ್ತಿದ್ದ. ಕೇಳದಿದ್ದರೆ ಸುಮ್ಮನಿರುತ್ತಿದ್ದ.

"ಟಕ್ ಅನ್ನೋದು ಮಾತು ಕೊಟ್ಟ ಹಾಗೆ, ಅಕ್ಕಾ. ಅಂದಮೇಲೆ ಕೊಡಲೇಬೇಕು."

"ಮನುಷ್ಯರಿಗೆ ಕೊಟ್ಟ ಮಾತಿಗೇ ಗತಿಯಿಲ್ಲ, ನಾಯಿಗಂತೆ!"

ಊರವರ ನಾಯಿಗಳು ಅವರವರ ಮನೆಗೆ ಹೋದವು. ತಮ್ಮ ಸಾಕಿದ ನಾಯಿ ಪೋಲಿ ಮಾತ್ರ ಅಕ್ಕನ ಪಾಲಿಗೆ ಬಂತು. ಬಂದದ್ದೇ ತಮ್ಮನ ಮಂಚದ ಕೆಳಗೆ ಸೇರಿತು. ಅನ್ನ ಬೇಡ, ಹಾಲು ಬೇಡ. ಅಕ್ಕನೂ ತಟ್ಟೆ ಮುಟ್ಟುತ್ತಿರಲಿಲ್ಲ. ಮಂಚದ ಮೇಲೊಬ್ಬಳು, ಕೆಳಗೊಬ್ಬ, ಇಬ್ಬರೂ ಸೊರಗಿದರು.

ಆಗ ಬಂದ ಅಳಿಯ. ಮರದ ಮಿಲ್ಲಿನ ಮೇಸ್ತ್ರಿ. ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ಬೆತ್ತ.

"ಅತ್ತೆ, ನಾಯೀನ ಮಿಲ್ಲಿನ ಕಾವಲಿಗೆ ಕೊಡಿ. ನಾಲ್ಕು ಬಿಟ್ರೆ ತಾನೇ ತಿನ್ನುತ್ತೆ. ದಂಡಂ ದಶಗುಣಂ ಅಂತ ನೀವೇ ಹೇಳ್ತಿದ್ರಲ್ಲ?"

ತನ್ನ ಮಾತೇ ಬೆತ್ತ ಹಿಡಿದು ಬಾಗಿಲಿಗೆ ಬಂದದ್ದನ್ನು ಕಂಡು ಅಕ್ಕ ಮಂಚಕ್ಕೆ ಅಡ್ಡ ನಿಂತಳು. ತಮ್ಮ ಒಂದು ದಿನವೂ ಗದರದ ಜೀವ ಅದು.

"ಇಲ್ಲೇ ಇರಲಿ, ಅಳಿಯಂದ್ರೇ."

"ಉಪವಾಸ ಸಾಯೋಕಾ? ಈಗ ಕರೀರಿ ನೋಡೋಣ. ಬಂದ್ರೆ ನಿಮ್ಮದು. ಬರದಿದ್ರೆ ನನ್ನದು."

ಅಕ್ಕ ನೆಲಕ್ಕೆ ಕೂತಳು. "ಪೋಲಿ, ಬಾರೋ." ಇಲ್ಲ. "ನನ್ನಪ್ಪಾ, ಬಾರೋ." ಇಲ್ಲ. "ಬರ್ತೀಯೋ ಇಲ್ವೋ, ಕತ್ತೆ!" ಹೊರಗಿದ್ದ ಬಾಲವೂ ಒಳಗೆ ಹೋಯಿತು. ತಮ್ಮನಂತೆ ನಾಲಿಗೆ ಹೊಡೆಯಲು ನೋಡಿದಳು. ಪುಸ್ ಎಂದು ಗಾಳಿ ಬಂತು, ಅಷ್ಟೇ. ಅಳಿಯ ಸರಪಳಿ ಬಿಚ್ಚಿದ.

ಇನ್ನು ದೇವರೇ ಗತಿ ಎಂದು ಅಕ್ಕ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದಳು. ಊಟ ಬಿಟ್ಟು ದವಡೆ ಬತ್ತಿತ್ತು. ಕಟ್ಟಿಸಿಕೊಂಡ ಹಲ್ಲು ಸಡಿಲವಾಗಿತ್ತು. "ದೇವಾ" ಎನ್ನುವಷ್ಟರಲ್ಲಿ ಮೇಲಿನ ಸಾಲು ಕೆಳಗಿನದರ ಮೇಲೆ ಬಿತ್ತು. ಟಕ್!

ಮಂಚದ ಕೆಳಗಿಂದ ಒಂದು ಮೂಗು ಹೊರಬಂತು.

"ದಯಾಮಯಾ." ಟಕ್! ಎರಡು ಕಾಲು ಬಂದವು. ಪ್ರಾರ್ಥನೆ ಮುಗಿಯುವುದರೊಳಗೆ ಪೋಲಿ ಅವಳ ಮೊಣಕಾಲ ಬಳಿ ಕೂತು, ಜೊಲ್ಲು ಸುರಿಸುತ್ತ, ಭಕ್ತಿಯಿಂದ ಅವಳ ಬಾಯನ್ನೇ ನೋಡುತ್ತಿತ್ತು.

"ಅತ್ತೆ, ಇದೇನು ಮಂತ್ರಾನಾ?"

"ಹಲ್ಲು, ಅಳಿಯಂದ್ರೇ. ಬೇಗ ಆ ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬ ತನ್ನಿ. ಮಾತು ಕೊಟ್ಟುಬಿಟ್ಟಿದೀನಿ!"

ಡಬ್ಬ ಇಳಿಸಲು ಎರಡು ಕೈ ಬೇಕು. ಅಳಿಯ ಸರಪಳಿ, ಬೆತ್ತ ಎರಡನ್ನೂ ಕೆಳಗಿಟ್ಟ. ಅಕ್ಕನ ಬಾಯಲ್ಲಿ ಮತ್ತೆ 'ಟಕ್' ಎಂದಿತು. ಅವಳು ಪೋಲಿಗೆ ಒಂದು ಕೊಟ್ಟಳು, ಅಳಿಯನಿಗೂ ಒಂದು ಕೊಟ್ಟಳು. ಇಬ್ಬರೂ ಬಾಯಿ ಚಪ್ಪರಿಸಿ ತಿಂದರು.

ಹಲ್ಲು ಬಿಗಿ ಮಾಡಿಕೊಡುತ್ತೇನೆಂದು ಡಾಕ್ಟರು ಹೇಳಿದರೂ ಅಕ್ಕ ಒಪ್ಪಲಿಲ್ಲ. ಈಗ ಪ್ರಾರ್ಥನೆಗೆ ಅಕ್ಕ, ಪೋಲಿ ಇಬ್ಬರೂ ಕೂರುತ್ತಾರೆ. ಅವಳು ಮುಷ್ಟಿಯಲ್ಲಿ ಬಿಸ್ಕತ್ತು ಹಿಡಿದು, ನಡುನಡುವೆ ಋಣ ತೀರಿಸುತ್ತ ಬೇಡಿಕೊಳ್ಳುತ್ತಾಳೆ:

"ದೇವಾ, ನನ್ನ ತಮ್ಮನನ್ನು ಗದರದೆ ಹತ್ತಿರ ಕರೆದುಕೋ. ತಪ್ಪು ಮಾಡಿದ್ದರೆ ನೋಡದ ಹಾಗೆ ಇದ್ದುಬಿಡು. ಒಳ್ಳೆಯದು ಮಾಡಿದ್ದನ್ನು ಮಾತ್ರ ನೋಡು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ."