ಒಂದೇ ಬಣ್ಣದ ಮುಚ್ಚಳ

ಶಸ್ತ್ರಚಿಕಿತ್ಸೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೆಲಸಕ್ಕೆ ಬರುತ್ತಿರುವುದು ಮೆಟ್ಟಿಲ ಬುಡದಿಂದಲೇ ಗೊತ್ತಾಗುತ್ತಿತ್ತು. ನೆಲ ಒದ್ದೆ ಬಿಟ್ಟದ್ದಕ್ಕೆ ಆಯಾಳನ್ನು, ಹೊದಿಕೆ ಮಡಿಚದ್ದಕ್ಕೆ ನರ್ಸನ್ನು ತರಾಟೆಗೆ ತೆಗೆದುಕೊಳ್ಳುತ್ತಲೇ ಅವರು ಮೇಲೆ ಬರುತ್ತಿದ್ದರು. ಹುಡುಗಿಯರು ಬೆನ್ನ ಹಿಂದೆ ಅವರನ್ನು ಸೈರನ್ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. ತಾವು ಕೆಲಸ ಕಲಿತದ್ದೂ ಹೀಗೆಯೇ, ಬೈಸಿಕೊಂಡು, ಬಚ್ಚಲಲ್ಲಿ ಅತ್ತು ಮುಖ ತೊಳೆದುಕೊಂಡು. ಹೆದರಿಕೆ ಇದ್ದರೆ ಕೈ ತಪ್ಪುವುದಿಲ್ಲ ಎಂದು ಅವರು ಮನಸಾರೆ ನಂಬಿದ್ದರು.

ಆಸ್ಪತ್ರೆಗೆ ಹೊಸ ಕಂಪನಿಯ ಔಷಧಿ ಬರತೊಡಗಿದ ಮೇಲೆ ಒಂದು ಬೆಳಿಗ್ಗೆ ವಾರ್ಡಿನ ಕಿರಿಯ ನರ್ಸ್ ಎರಡು ಪುಟ್ಟ ಬಾಟಲಿ ಹಿಡಿದು ಅವರ ಮುಂದೆ ನಿಂತಳು. ಒಂದರಲ್ಲಿ ಕೈಗೆ ಚುಚ್ಚಿದ ಸೂಜಿ ಕಟ್ಟಿಕೊಳ್ಳದಂತೆ ಹಾಯಿಸುವ ಉಪ್ಪುನೀರು. ಇನ್ನೊಂದರಲ್ಲಿ ಪೊಟ್ಯಾಶಿಯಂ. ಅದನ್ನು ಗ್ಲೂಕೋಸಿನಲ್ಲಿ ಬೆರೆಸಿ ಹನಿಹನಿಯಾಗಿ ಕೊಡಬೇಕು. ನೇರವಾಗಿ ರಕ್ತಕ್ಕೆ ಹೋದರೆ ಎದೆಬಡಿತ ನಿಲ್ಲುತ್ತದೆ. ಎರಡಕ್ಕೂ ಒಂದೇ ಗಾತ್ರ, ಒಂದೇ ನೀಲಿ ಮುಚ್ಚಳ.

"ಸಿಸ್ಟರ್, ಈಗ ಒಂದರ ಬದಲು ಇನ್ನೊಂದು ತಗೊಂಡ್ಬಿಟ್ಟಿದ್ದೆ. ಕೊನೇ ಗಳಿಗೇಲಿ ನೋಡ್ದೆ. ಬೇರೆ ಬೇರೆ ಕಡೆ ಇಡೋಣ್ವಾ? ಮೇಲಿನವರಿಗೂ ತಿಳಿಸಿದ್ರೆ..."

ಮೇಲಿನವರಿಗೆ ತಿಳಿಸಿದರೆ ಏನಾಗುತ್ತದೆಂದು ಇನ್‌ಚಾರ್ಜ್ ಸಿಸ್ಟರ್‌ಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ವಾರ್ಡಿನಲ್ಲಿ ಮಾತ್ರ ಯಾಕೆ ಹೀಗೆ ಎಂಬ ಪ್ರಶ್ನೆ ಮೊದಲು ಬರುತ್ತದೆ, ಆಮೇಲೆ ಹೇಳಿದವರಿಗೇ ಮೆಮೊ. ಹಾಗಾಗಿ ಆ ಆಸ್ಪತ್ರೆಯಲ್ಲಿ ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಅವರು ರೋಗಿಗಳೆದುರೇ ಆ ಹುಡುಗಿಗೆ, ಕಣ್ಣು ಸರಿಯಿಲ್ಲದಿದ್ದರೆ ಕನ್ನಡಕ ಹಾಕಿಕೋ, ಓದಲು ಬರುವವರಿಗೆ ಬಾಟಲಿ ಮೇಲೆ ಹೆಸರು ಕಾಣಿಸುತ್ತದೆ ಎಂದರು. ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಬಾಟಲಿಗಳನ್ನು ಅದೇ ಟ್ರೇಗೆ ವಾಪಸ್ ಇಟ್ಟಳು. ಆಮೇಲೆ ಯಾವುದಕ್ಕೂ ಅವಳು ಬಾಯಿ ತೆರೆಯಲಿಲ್ಲ.

ಕೆಲವು ವಾರ ಕಳೆದವು. ಹರ್ನಿಯಾ ಆಪರೇಷನ್ ಆದ ಬಸ್ ಚಾಲಕನೊಬ್ಬ ಮರುದಿನ ಮನೆಗೆ ಹೋಗುವುದರಲ್ಲಿದ್ದ. ಹಾಸಿಗೆಯಲ್ಲೇ ಕುಳಿತು, ರೈಟ್ ಹೇಳಿಬಿಡಿ ಸಿಸ್ಟರ್, ಗಾಡಿ ಬಿಡ್ತೀನಿ ಎಂದು ಹೋಗಿ ಬರುವ ನರ್ಸುಗಳನ್ನು ನಗಿಸುತ್ತಿದ್ದ. ಮಧ್ಯಾಹ್ನ ಅವನ ಸೂಜಿಗೆ ಉಪ್ಪುನೀರು ಹಾಯಿಸಲು ಬಂದವರು ವಾರ್ಡಿನ ಅತ್ಯಂತ ಅನುಭವಿ ನರ್ಸ್, ಇನ್‌ಚಾರ್ಜ್ ಸಿಸ್ಟರ್ ಜೊತೆಯಲ್ಲೇ ಕಲಿತ ಗೆಳತಿ. ಪಾಳಿ ಬದಲಿಸುವವರು ಬಾರದೆ ಆಕೆ ಹಿಂದಿನ ದಿನದಿಂದ ಮನೆಗೆ ಹೋಗಿರಲಿಲ್ಲ. ಕೈಗೆ ಸಿಕ್ಕಿದ್ದು ಇನ್ನೊಂದು ಬಾಟಲಿ. ಚಾಲಕ ಕೈ ಉರಿ ಎಂದು ಕೂಗಿದ. ಎಲ್ಲರೂ ಓಡಿ ಬಂದರು, ಇನ್‌ಚಾರ್ಜ್ ಸಿಸ್ಟರ್ ಅವನ ಕೈ ಹಿಡಿದುಕೊಂಡರು, ವೈದ್ಯರು ಎದೆ ಒತ್ತಿದರು. ಅವನು ಉಳಿಯಲಿಲ್ಲ.

ಮನೆಯವರಿಗೆ ಹೃದಯಾಘಾತ ಎಂದು ಹೇಳಲಾಯಿತು. ಗೆಳತಿಯಿಂದ ರಾಜೀನಾಮೆ ಪಡೆದರು. ಆಡಳಿತಾಧಿಕಾರಿ ಎಲ್ಲರನ್ನೂ ಕರೆದು, ಆಸ್ಪತ್ರೆಯೆಂದರೆ ಒಂದು ಕುಟುಂಬ, ಮನೆಯ ಮಾತು ಮನೆಯಲ್ಲೇ ಇರಲಿ ಎಂದರು. ಇನ್‌ಚಾರ್ಜ್ ಸಿಸ್ಟರ್ ತಲೆಯಾಡಿಸಿದರು. ತಮ್ಮ ಮೇಲೆ ಬರಲಿಲ್ಲವಲ್ಲ ಎಂದು ಒಂದು ಕ್ಷಣ ಹಾಯೆನಿಸಿದ್ದೂ ಸುಳ್ಳಲ್ಲ.

ಭಾನುವಾರ ಗೆಳತಿಯ ಮನೆಗೆ ಹೋದರು. ಆಕೆ ತಲೆ ಬಾಚಿರಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕುಳಿತಿದ್ದಳು. ಕೈಯಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಆ ಎರಡು ಬಾಟ್ಲಿ ಒಂದೇ ಥರ ಇರೋದು ನನ್ನ ಗಮನಕ್ಕೇ ಬಂದಿರ್ಲಿಲ್ಲ ಕಣೇ. ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕಿತ್ತು."

ಆ ಒಂದು ಮಾತು ತಮ್ಮ ಮೇಜಿನವರೆಗೆ ಬಂದು ಅಲ್ಲೇ ಸತ್ತಿತ್ತು. ಅದನ್ನು ಗೆಳತಿಗೆ ಹೇಳದೆಯೇ ಎದ್ದು ಮನೆಗೆ ಹೊರಟರು.

ಮರುದಿನ ವಾರ್ಡಿಗೆ ಹೋದವರು ಮೊದಲು ಕಿರಿಯ ನರ್ಸನ್ನು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಅವಳು ಗೋಡೆಗೆ ಅಂಟಿ ನಿಂತಳು. ಅವತ್ತು ನೀನು ಹೇಳಿದ್ದು ಸರಿಯಿತ್ತು, ಬಾಯಿ ಮುಚ್ಚಿಸಿದ್ದು ನನ್ನ ತಪ್ಪು ಎಂದರು. ಹುಡುಗಿಯ ಕಣ್ಣು ತುಂಬಿತು. "ನಾನು ಇನ್ನೊಂದ್ಸಲ ಹೇಳ್ಬೇಕಿತ್ತು ಸಿಸ್ಟರ್," ಎಂದಳು. "ಹೆದರಿಕೆ ಆಯ್ತು."

ಅಲ್ಲಿಂದ ಅವರು ಆಡಳಿತಾಧಿಕಾರಿಯ ಕೋಣೆಗೆ ಹೋಗಿ, ಚಾಲಕನ ಮನೆಯವರಿಗೆ ನಡೆದದ್ದನ್ನು ತಿಳಿಸಬೇಕು ಎಂದರು. ಆತ ಸಿಡುಕಲಿಲ್ಲ.

"ನಾನೇನು ಕಲ್ಲೆದೆಯವನಲ್ಲ ಸಿಸ್ಟರ್. ಆದ್ರೆ ಇದು ಹೊರಗೆ ಹೋದ್ರೆ ಈ ಬಾಗಿಲಿಗೆ ಯಾರು ಬರ್ತಾರೆ? ಎಷ್ಟು ಮನೆಗಳ ಒಲೆ ಇದ್ರಿಂದ ಉರೀತಿದೆ. ಹೇಳಿದ್ರೆ ಸತ್ತವರು ಎದ್ದು ಬರ್ತಾರಾ?"

"ಬರಲ್ಲ ಸರ್. ಆದ್ರೆ ಮುಚ್ಚಿಟ್ರೆ ಇನ್ನೊಬ್ರು ಹೋಗ್ತಾರೆ. ಬಾಟ್ಲಿಗಳು ಇವತ್ತಿಗೂ ಅದೇ ಟ್ರೇನಲ್ಲಿವೆ."

ಚಾಲಕನ ಮನೆಯ ಮೆಟ್ಟಿಲು ಹತ್ತಿದರೆ ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತುವ ಅಗತ್ಯ ಇರುವುದಿಲ್ಲ ಎಂದು ಆಡಳಿತಾಧಿಕಾರಿ ಮೆಲ್ಲಗೆ ಎಚ್ಚರಿಸಿದರು. ನಿವೃತ್ತಿ ಹತ್ತಿರವಿತ್ತು. ಇನ್‌ಚಾರ್ಜ್ ಸಿಸ್ಟರ್ ಅದನ್ನೂ ಯೋಚಿಸಿದರು. ವಾರ್ಡಿಗೆ ಹಿಂತಿರುಗಿ ಪೊಟ್ಯಾಶಿಯಂ ಬಾಟಲಿಗಳನ್ನೆಲ್ಲ ತೆಗೆದು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಕಿರಿಯ ನರ್ಸಿನ ಕೈಗೆ ಕೊಟ್ಟು ಹೊರಟರು.

ಚಾಲಕನ ಮನೆ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದ ಹೆಂಡತಿ ಅವರ ಗುರುತು ಹಿಡಿದಳು. ತನ್ನ ಗಂಡನನ್ನು ಉಳಿಸಲು ಓಡಾಡಿದವರು ಎಂಬ ಗೌರವದಿಂದ ಕುರ್ಚಿ ಒರೆಸಿಕೊಟ್ಟಳು. ಆ ಗೌರವವೇ ಚುಚ್ಚಿತು. ಇನ್‌ಚಾರ್ಜ್ ಸಿಸ್ಟರ್ ಕೂರಲಿಲ್ಲ. ಬಾಟಲಿಯ ವಿಷಯ, ಹುಡುಗಿ ಹೇಳಲು ಬಂದದ್ದು, ತಾವು ಅವಳನ್ನು ಗದರಿದ್ದು, ಗೆಳತಿಯ ಕೈ ತಪ್ಪಿದ್ದು, ಯಾವುದನ್ನೂ ಬಿಡದೆ ನಿಂತೇ ಹೇಳಿದರು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಕೇಳುವುದು ಸರಿಯಲ್ಲ ಎನಿಸಿ ನುಂಗಿಕೊಂಡರು.

ಆಕೆ ಕುರ್ಚಿ ಒರೆಸಿದ ಬಟ್ಟೆಯನ್ನು ಮಡಿಚಿಟ್ಟು ಕೇಳಿದಳು.

"ಅವರಿಗೆ ಗೊತ್ತೇ ಆಗ್ಲಿಲ್ಲ, ನಿದ್ದೇಲಿ ಹೋದ ಹಾಗೆ ಹೋದ್ರು ಅಂದ್ರು ಆಸ್ಪತ್ರೆಯವರು. ಅದಾದ್ರೂ ನಿಜಾನಾ?"

ಹೌದು ಎಂದರೆ ಆ ಹೆಣ್ಣುಮಗಳಿಗೆ ಒಂದಿಷ್ಟು ಸಮಾಧಾನ ಸಿಗುತ್ತಿತ್ತು.

"ಇಲ್ಲಮ್ಮಾ. ಕೈ ಉರೀತಿದೆ ಅಂದ್ರು. ಸ್ವಲ್ಪ ಹೊತ್ತು. ನಾನು ಕೈ ಹಿಡ್ಕೊಂಡಿದ್ದೆ."

ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅಳಲಿಲ್ಲ, ಬೈಯಲಿಲ್ಲ, ಹೊರಗೆ ಹೋಗಿ ಎನ್ನಲೂ ಇಲ್ಲ. ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ ಕರೆದಳು.

"ಅತ್ತೆ, ಹೊರಗೆ ಬನ್ನಿ. ನಿಮ್ಮ ಮಗನಿಗೆ ಏನಾಯ್ತು ಅಂತ ಇವರು ಹೇಳ್ತಾರೆ."

ಮುದುಕಿ ಗೋಡೆ ಹಿಡಿದು ನಿಧಾನವಾಗಿ ಬಂದು ಕುಳಿತರು. ಕಿವಿ ಸರಿಯಾಗಿ ಕೇಳಿಸದು ಎಂದು ಕೈಸನ್ನೆ ಮಾಡಿದರು. ಇನ್‌ಚಾರ್ಜ್ ಸಿಸ್ಟರ್ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕಿವಿಯ ಹತ್ತಿರ ಬಾಗಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳತೊಡಗಿದರು.