ಮೂರು ಪಟ್ಟಿ ಬಿಚ್ಚಿದ ಗಾಡಿ

ಗಾಡಿಯ ಹಿಂಬದಿಯಲ್ಲಿ ಹಾಸಿಗೆಯ ಪಕ್ಕಕ್ಕೊಂದು ಮೋಟು ಹಲಗೆ. ಅದರ ಮೇಲೆ ಕಂಠಮಟ್ಟ ನೀರು ತುಂಬಿದ ಹಿತ್ತಾಳೆಯ ಲೋಟ. ಆ ನೀರು ತುಳುಕುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಮ್ಮ ಕಲ್ಲುಗಣಿಯ ಇನ್ನೂರು ಜನರ ಬೆನ್ನುಮೂಳೆ ನಿಂತಿತ್ತು ಎಂದರೆ ಈಗಿನವರು ನಗಬಹುದು. ನಗಲಿ. ಎರಡು ವಾರ ಆ ಲೋಟ ಇಟ್ಟುಕೊಂಡು ಗಾಡಿ ಹೊಡೆದವನು ನಾನು. ನನಗೆ ನಗು ಬರುವುದಿಲ್ಲ.

ಗಣಿಯಿಂದ ಊರಿನ ಆಸ್ಪತ್ರೆಗೆ ಒಂಬತ್ತು ಮೈಲಿ. ದಾರಿಯೆಂಬುದು ಹೆಸರಿಗೆ, ಚೂರುಗಲ್ಲು, ಗುಂಡಿ, ನಡುವೆ ಒಂದು ಒಣಹಳ್ಳ. ಕಂಪನಿಗೆ ಇದ್ದದ್ದು ಒಂದೇ ಪಿಕಪ್ ಗಾಡಿ, ಅದಕ್ಕೆ ನಾನೇ ಡ್ರೈವರ್. ದಿನವೂ ಅದು ಕಲ್ಲು ಹೊರುತ್ತಿತ್ತು. ಯಾರಾದರೂ ಬಿದ್ದರೆ ಅವರನ್ನೂ ಹೊರುತ್ತಿತ್ತು. ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಕಂಪನಿಯವರು ಅದಕ್ಕೆ ಒಂದೊಂದು ಬದಿಗೆ ಮೂರು ದಪ್ಪ ಪಟ್ಟಿ ಹೆಚ್ಚಿಗೆ ಹಾಕಿಸಿದ್ದರು. ಕಲ್ಲು ತುಂಬಿದಾಗ ಗಾಡಿ ಸೊಗಸಾಗಿ ಹೋಗುತ್ತಿತ್ತು. ಒಬ್ಬನೇ ಮನುಷ್ಯ ಮಲಗಿದರೆ ಮಾತ್ರ ಆ ಪಟ್ಟಿಗಳು ಬಾಗುವುದಕ್ಕೇ ಒಪ್ಪುತ್ತಿರಲಿಲ್ಲ. ದಾರಿಯ ಒಂದೊಂದು ಏಟೂ ನೇರ ಅವನ ಬೆನ್ನಿಗೆ ಬೀಳುತ್ತಿತ್ತು.

ನನ್ನ ಅಕ್ಕ ಹೊನ್ನವ್ವನ ಗಂಡ ಹುಲಗಪ್ಪ ಬಂಡೆಯ ಮೇಲಿಂದ ಬಿದ್ದದ್ದು ಎರಡಾಳು ಎತ್ತರದಿಂದ. ಎತ್ತಿ ಗಾಡಿಗೆ ಹಾಕುವಾಗ ಅವನ ಕಾಲ್ಬೆರಳು ಆಡುತ್ತಿದ್ದವು. ಅಕ್ಕ ಕಣ್ಣಾರೆ ಕಂಡಿದ್ದಳು. ದಾರಿಯಲ್ಲಿ ಅವನು ನೀರು ಕೇಳಿದ. ಅಕ್ಕ ಇದೇ ಲೋಟವನ್ನು ಬಾಯಿಗೆ ಹಿಡಿದಳು. ಕಣ್ಣಿಗೆ ಬಿತ್ತು, ಕಿವಿಗೆ ಬಿತ್ತು, ಎದೆಯೆಲ್ಲ ತೊಯ್ದಿತು. ಬಾಯಿಗೆ ಒಂದು ಹನಿ ಬೀಳಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸೊಂಟದ ಕೆಳಗೆ ಎಲ್ಲ ಸುಮ್ಮನಾಗಿತ್ತು. "ಬಿದ್ದಾಗ ಮುರಿದದ್ದು ಮೂಳೆ ಮಾತ್ರ. ಇಷ್ಟು ಅಲುಗಾಡಿಸಿ ತರಬಾರದಿತ್ತು" ಎಂದರು ಡಾಕ್ಟರು. ಆ ದಿನ ಗಾಡಿ ಹೊಡೆದವನ ಸಂಗತಿ ಮುಂದೆ ಹೇಳುತ್ತೇನೆ.

ಹುಲಗಪ್ಪ ಹಾಸಿಗೆ ಹಿಡಿದು ಅಳುವ ಜಾತಿಯವನಲ್ಲ. ಗಣಿಯ ಬಾಗಿಲಲ್ಲೇ ಗೋಣಿ ಹಾಸಿಕೊಂಡು ಕೂತು, ಉಳಿಗಳನ್ನು ಸಾಣೆ ಹಿಡಿಯುತ್ತಾ ಎಲ್ಲರನ್ನೂ ಬೈಯುತ್ತಿದ್ದ. ಮೂರು ವರ್ಷಕ್ಕೆ ಇನ್ನೊಬ್ಬ ಹಾಗೆಯೇ ಬಿದ್ದು ಹಾಗೆಯೇ ಆಸ್ಪತ್ರೆ ಸೇರಿದಾಗ ಸುತ್ತಿಗೆ ಕೆಳಗಿಡುವಂತೆ ಮೊದಲು ಕೂಗಿದವನು ಅವನೇ. ಗಾಡಿಯನ್ನು ಸರಿಮಾಡಿ ಬಿದ್ದವರಿಗಾಗಿಯೇ ಬಿಡಬೇಕೆಂದು ಹನ್ನೊಂದು ದಿನ ಗಣಿಯಲ್ಲಿ ಸದ್ದಿಲ್ಲ.

ಮ್ಯಾನೇಜರು ಬಂದು ನಮ್ಮ ಮುಂದೆ ನಿಂತರು. "ಗಾಡಿದೇ ತಪ್ಪು ಅಂತ ಹೆಂಗ ಹೇಳ್ತೀರಿ? ಎರಡು ವಾರ ಕೊಡತೇನಿ. ಪಟ್ಟಿ ಬಿಚ್ಚತೀರೋ, ಏನ್ ರಿಪೇರಿ ಮಾಡ್ತೀರೋ ಮಾಡ್ರಿ. ತುಂಬಿದ ಲೋಟ ಇಲ್ಲಿಂದ ಆಸ್ಪತ್ರಿಗೆ ಅರ್ಧರ ಉಳದು ಮುಟ್ಟಬೇಕು. ಮುಟ್ಟಿದ್ರ ಗಾಡಿ ಬಿದ್ದವರಿಗಷ್ಟ. ಇಲ್ಲಂದ್ರ ಪಟ್ಟಿ ತಿರುಗಿ ಹಾಕಸ್ತೇನಿ. ಮತ್ತ ಯಾರೂ ಬಾಯಿ ತಗೀಬಾರದು."

"ಆತು" ಎಂದ ಹುಲಗಪ್ಪ, ಯಾರನ್ನೂ ಕೇಳದೆ.

ಗಾಡಿಯ ಕೆಳಗೆ ನುಸುಳಿದವನು ದಾವಲಸಾಬ. ಊರಿನಲ್ಲಿ ಪಟ್ಟಿ ಕೆಲಸಕ್ಕೆ ಅವನನ್ನು ಮೀರಿಸಿದ ಮಿಸ್ತ್ರಿ ಇರಲಿಲ್ಲ, ಅದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಎರಡು ಬದಿಯಿಂದಲೂ ಮೂರು ಮೂರು ಪಟ್ಟಿ ಬಿಚ್ಚಿದ. ಆಳಿನ ತೂಕದ ಮರಳುಚೀಲ ಮಲಗಿಸಿ, ಲೋಟ ತುಂಬಿಟ್ಟು, "ಹೊಡಿ, ಈಗ ತೊಟ್ಟಿಲಾಗೈತಿ" ಎಂದ. ಹೊಡೆದೆ. ಒಣಹಳ್ಳ ದಾಟಿ ಇಳಿದು ನೋಡಿದರೆ ನೀರಿರಲಿ, ಲೋಟವೇ ಮೂಲೆಯಲ್ಲಿ ಉರುಳಿ ಬಿದ್ದಿತ್ತು. ದಾವಲಸಾಬ ಗಡ್ಡ ಕೆರೆದುಕೊಂಡ. ಮತ್ತೆ ಮೂರು ದಿನ ಏನೇನೋ ಬಿಗಿದು, ಏನೇನೋ ಸಡಿಲಿಸಿದೆವು. ಲೋಟ ಉರುಳುತ್ತಲೇ ಇತ್ತು.

ಸುದ್ದಿ ಕೇಳಿ ಹುಲಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮರಳಿನ ಚೀಲಕ್ಕ ಬೆನ್ನು ಐತೇನೋ? ಅದೇನ್ ಹೇಳತೈತಿ ನಿಮಗ? ನನ್ನ ಮಲಗಸ್ರಿ."

"ಬ್ಯಾಡ" ಎಂದಳು ಅಕ್ಕ. ಅವಳ ಮುಖ ಕಪ್ಪಿಟ್ಟಿತ್ತು. "ಆ ಗಾಡ್ಯಾಗ ಇನ್ನೊಮ್ಮೆ ಬ್ಯಾಡ."

"ಹೋಗೂದೇನ್ ಉಳದೈತಿ ಹೊನ್ನಿ? ಕೆಳಗಿಂದು ಹೋತು. ಮ್ಯಾಲಿನ ಬೆನ್ನು ಜೀವಂತ ಐತಿ. ಅದಕ್ಕ ಎಲ್ಲಾ ನೆನಪೈತಿ."

ಮಲಗಿಸಿದೆವು. ಹಳ್ಳ ದಾಟಿ ನಿಲ್ಲಿಸಿದಾಗ ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ: "ಏಟು ಹೋಗೈತಿ. ಆದ್ರ ಎದ್ದ ಗಾಡಿ ಕುಂದ್ರವಲ್ದು. ಒಂದ್ ಗುಂಡಿಗೆ ಮೂರ್ ಸಲ ತಲಿ ಹಾಕತೈತಿ."

ದಾವಲಸಾಬನಿಗೆ ಆಗ ಹೊಳೆಯಿತು. ಪಟ್ಟಿ ಮೆತ್ತಗಾದರೆ ಸಾಲದು. ಅದರ ಕುಣಿತವನ್ನು ಹಿಡಿದು ನಿಲ್ಲಿಸಬೇಕಾದ ಶಾಕ್‌ಗಳು, ಆ ಎಣ್ಣೆ ತುಂಬಿದ ಕೊಳವೆಗಳು, ಸತ್ತೇ ಹೋಗಿದ್ದವು. ಅವನು ಪರ ಊರಿನಿಂದ ಬೇರೆ ಶಾಕ್ ತರಿಸಿದ. ಅವುಗಳ ಬುಡದಲ್ಲಿ ಬಿಗಿ-ಸಡಿಲ ಮಾಡಲು ಎಂಟು ಮೆಟ್ಟಿಲಿನ ಒಂದು ತಿರುಪು. ಬಿಗಿಯಾದದ್ದೇ ಗಟ್ಟಿಯೆಂದು ನಂಬಿದ ಜನ ನಾವು; ನಾಲ್ಕನ್ನೂ ಎಂಟಕ್ಕೆ ತಿರುಗಿಸಿ ಹೊರಟೆವು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಹಿಂದಿನಿಂದ ಹುಲಗಪ್ಪನ ಬೈಗುಳದ ಮಳೆ. "ಮತ್ತ ಕಲ್ಲಿನ ಗಾಡಿ ಮಾಡೀರಲ್ಲೋ ಹಾಳಾದವರ!"

ಅಲ್ಲಿಂದ ಮುಂದೆ ಅವನು ಹೇಳುವುದು, ನಾವು ತಿರುಗಿಸುವುದು. "ಹಿಂದ ಎರಡು ಇಳಸು. ಇನ್ನೊಂದು. ಮುಂದಿಂದು ಇನ್ನೂ ಸಡಿಲ ಬಿಡು." ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿದೆವು. ಹಿಂದೆ ಐದು, ಮುಂದೆ ಮೂರು ಎಂಬಲ್ಲಿಗೆ ಬಂದು ನಿಂತ ಮೇಲೆ, ಅವನು ಕೊನೆಯ ಮಾತು ಹೇಳಿದ: "ಹಾಸಿಗಿ ಮುಂದ ಸರಸ್ರಿ. ಸೊಂಟ ಹಿಂದಿನ ಗಾಲಿ ಮ್ಯಾಲೆ ಬರಾಕತ್ತೈತಿ. ಆವತ್ತೂ ಅಲ್ಲೇ ಮಲಗಿಸಿದ್ರಿ."

ನಾನು ಸರಿಸಿದೆ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಮ್ಯಾನೇಜರು ಕೈಗಡಿಯಾರ ನೋಡುತ್ತಾ ಜೀಪಿನಿಂದ ಇಳಿದರು. ನೇರ ನನ್ನ ಹತ್ತಿರ ಬಂದರು. "ನೀ ಆಮಿ ಹಂಗ ಹೋಗಿ ನೀರ ಉಳಸ್ತಿ, ಅದು ನಡ್ಯಾಂಗಿಲ್ಲ. ಇವನ್ನ ಒಯ್ದಾಗ ಎಷ್ಟರಾಗ ಮುಟ್ಟಿಸಿದ್ದಿ? ಇಪ್ಪತ್ತೆಂಟು ನಿಮಿಷ. ನನಗ ನೆನಪೈತಿ. ಇವತ್ತೂ ಅಷ್ಟರಾಗ ಮುಟ್ಟಬೇಕು."

ಹೌದು, ನಾನೇ. ಬೇಗ ಮುಟ್ಟಿಸಿದರೆ ಜೀವ ಉಳಿಯುತ್ತದೆ ಎಂದುಕೊಂಡು ಕಾಲು ಒತ್ತಿದವನು ನಾನೇ. ನಮ್ಮ ಗಾಡಿಗಳಲ್ಲಿ ಹಿಂದಿನವರು ಕ್ಯಾಬಿನ್ನಿನ ತಗಡಿಗೆ ಒಂದು ಏಟು ಹಾಕಿದರೆ ನಿಲ್ಲು, ಎರಡು ಹಾಕಿದರೆ ನಡಿ ಎಂದು ರೂಢಿ. ಆ ದಿನ ಅಕ್ಕ ಎಡೆಬಿಡದೆ ಬಡಿದಳು. ಇನ್ನೂ ಜೋರಾಗಿ ಹೋಗು ಎನ್ನುತ್ತಿದ್ದಾಳೆಂದು ನಾನು ಇನ್ನೂ ಜೋರಾಗಿ ಹೋದೆ. ನಿಲ್ಲು ಎಂದು ಗೋಳಾಡುತ್ತಿದ್ದಳೆಂಬುದು ಇಳಿದ ಮೇಲೆ ಅವಳ ಅಂಗೈಯ ರಕ್ತ ಕಂಡಾಗ ತಿಳಿಯಿತು. ಮೂರು ವರ್ಷ ಅವಳಾಗಲಿ ನಾನಾಗಲಿ ಆ ಮಾತು ಎತ್ತಿರಲಿಲ್ಲ. ಅಂದು ಎಲ್ಲರೆದುರು ಅದು ಬಿಚ್ಚಿಕೊಂಡಾಗ ನನ್ನ ಕೈಯಿಂದ ಕೀಲಿಕೈ ಕೆಳಗೆ ಬಿತ್ತು.

"ಮಾರಿ ಯಾಕ ಸಣ್ಣ ಮಾಡ್ತಿ?" ಎಂದ ಹುಲಗಪ್ಪ ಗಾಡಿಯ ಮೇಲಿನಿಂದ. "ಯಾರು ಹೊಡದಿದ್ರು ಅಂತ ಮಲಗಿದ್ದವಗ ಗೊತ್ತಿಲ್ಲೇನು? ಅಳೂದಿದ್ರ ಸಂಜಿಕ ಅಳು. ಸಾಹೇಬ್ರು ಇಪ್ಪತ್ತೆಂಟು ಅಂದಾರ, ನೀ ಇಪ್ಪತ್ತೇಳರಾಗ ಮುಟ್ಟಸು."

ಅಕ್ಕ ಕೀಲಿಕೈ ಎತ್ತಿ ನನ್ನ ಕೈಯಲ್ಲಿಟ್ಟಳು. ಆಮೇಲೆ ಲೋಟ ತುಂಬಿ ಹಲಗೆಯ ಮೇಲಿಟ್ಟು, ಗಂಡನ ಪಕ್ಕದಲ್ಲಿ ಕೂತಳು. ದಾವಲಸಾಬ ಮುಂದೆ ನನ್ನ ಪಕ್ಕಕ್ಕೆ ಹತ್ತಿದ.

ಹೊಡೆದೆ. ಅದೇ ದಾರಿ, ಅದೇ ಗುಂಡಿ. ಚಕ್ರ ಇಳಿಯುವುದು ಕೈಗೆ ಗೊತ್ತಾಗುತ್ತಿತ್ತು. ಗಾಡಿಯ ಮೈ ಒಮ್ಮೆ ಉಸಿರೆಳೆದು ಸುಮ್ಮನಾಗುತ್ತಿತ್ತು. ಹಿಂದೆ ತಿರುಗಿ ನೋಡಲಿಲ್ಲ. ತಗಡಿಗೆ ಒಂದು ಏಟು ಬಿದ್ದೀತೆಂದು ಒಂಬತ್ತು ಮೈಲಿಯೂ ಕಿವಿ ನೆಟ್ಟುಕೊಂಡಿದ್ದೆ. ಬೀಳಲಿಲ್ಲ.

ಇಪ್ಪತ್ತೇಳು ನಿಮಿಷಕ್ಕೆ ಆಸ್ಪತ್ರೆಯ ಗೇಟು. ನಾಲ್ಕು ನಿಮಿಷ ತಡವಾಗಿ ಜೀಪು ಬಂತು; ಮ್ಯಾನೇಜರು ಸೊಂಟ ನೀವಿಕೊಳ್ಳುತ್ತಾ ಇಳಿದು, ಗಾಡಿಯೊಳಗೆ ಇಣುಕಿ, ನಕ್ಕುಬಿಟ್ಟರು. ಲೋಟ ಖಾಲಿಯಾಗಿತ್ತು.

"ಬಾಯಾರಿತ್ತು" ಎಂದ ಹುಲಗಪ್ಪ. "ಕುಡದೆ."

"ಏನು?"

"ಒಣಹಳ್ಳದಾಗ ಇಳೀವಾಗ, ಮೊಣಕೈ ಊರಿ ಎದ್ದು, ಪೂರಾ ಲೋಟ ಕುಡದೆ. ಅಂಗಿ ಮುಟ್ಟಿ ನೋಡ್ರಿ. ಹನಿ ಬಿದ್ದಿದ್ರ ಹೇಳ್ರಿ."

ಅಂಗಿ ಒಣಗಿತ್ತು. ಹಾಸಿಗೆ ಒಣಗಿತ್ತು. "ಮಾತು ಹಂಗ ಆಗಿದ್ದಿಲ್ಲ, ಅರ್ಧ ಲೋಟ ಮುಟ್ಟಬೇಕಂತ..." ಎಂದರು ಮ್ಯಾನೇಜರು.

"ನಿಮ್ಮ ಮಾತು ಲೋಟದ್ದು, ನಂದು ಬಾಯಿದು. ಮೂರು ವರ್ಷದ ನೀರಡಿಕಿ ಸಾಹೇಬ್ರ ಇದು. ನಂಬಿಕಿ ಇಲ್ಲಂದ್ರ ವಾಪಸ್ ಹೋಗುವಾಗ ನೀವ ಮಲಗ್ರಿ. ಹೊನ್ನಿ ಕುಡಸ್ತಾಳ."

ಅಕ್ಕ ಆಸ್ಪತ್ರೆಯ ನಲ್ಲಿಯಲ್ಲಿ ಲೋಟ ತುಂಬಿ ತಂದು ಅವರ ಮುಂದೆ ಹಿಡಿದು ನಿಂತಳು. ಅವರು ಅದನ್ನು ಮುಟ್ಟಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ದಾವಲಸಾಬನತ್ತ ತಿರುಗಿದರು. "ಪರೀಕ್ಷೆ ಆಗಲೇ ಇಲ್ಲ. ಇವತ್ತ ಆ ಪಟ್ಟಿ ತಿರುಗಿ ಹಾಕು."

"ಯಾವ ಪಟ್ಟಿರಿ?" ಎಂದ ದಾವಲಸಾಬ ಕಣ್ಣರಳಿಸಿ. "ಅವು ಉಳಿ ಆಗಿ ನಾಕ್ ದಿನ ಆತಲ್ರಿ. ಹುಲಗಪ್ಪನ ಸಾಣಿಮ್ಯಾಲೆ ಏರಿ, ಮಂದಿ ಕೈಗೂ ಹೋದವು. ಉಕ್ಕು ಭಾಳ ಚಲೋ ಇತ್ತು ನೋಡ್ರಿ."

ಮ್ಯಾನೇಜರು ಹುಲಗಪ್ಪನನ್ನು ನೋಡಿದರು. ಅವನು ಕಣ್ಣು ತಗ್ಗಿಸಲಿಲ್ಲ. ಅಂದಿನಿಂದ ಆ ಗಾಡಿಯ ಮೇಲೆ ಯಾರೂ ಒಂದು ಕಲ್ಲು ಹಾಕಲಿಲ್ಲ.

ಮಳೆಗಾಲ ಕಳೆದ ಮೇಲೆ ಜಲ್ಲಿ ಒಡೆಯುವ ನೀಲವ್ವ ಬಿದ್ದಳು. ಅಕ್ಕನೇ ಅವಳ ಜೊತೆ ಹಿಂದೆ ಹತ್ತಿದಳು. ಒಣಹಳ್ಳದಿಂದ ಮೇಲೆ ಏರುವಾಗ ಹಿಂದಿನಿಂದ ಟಕ್ ಎಂದು ಒಂದೇ ಒಂದು ಸದ್ದು ಬಂತು. ತಗಡಿಗೆ ಬಿದ್ದ ಏಟೆಂದುಕೊಂಡು ಗಾಡಿ ನಿಲ್ಲಿಸಿಬಿಟ್ಟೆ.

"ಏನಾತಕ್ಕಾ?"

"ಏನಿಲ್ಲ, ನೀ ನಡಿ" ಎಂದಳು. "ನೀರ ಕುಡದ್ಲು. ಲೋಟ ಇಟ್ಟೆ."