ನಡುವಿನಿಂದ ಬೀಸಿದ ಗಾಳಿ

"ಆ ಕೇಂದ್ರ ಹತ್ತಿರ ಬಂದಿದ್ದನ್ನೆಲ್ಲ ನುಂಗೋದಿಲ್ಲ. ಬಾಣಂತೀನ ಹೊರಕ್ಕೆ ತಳ್ಳಿಬಿಡುತ್ತೆ," ಎಂದುಬಿಟ್ಟ ಬೋರಯ್ಯ.

ಹತ್ತನೇ ಕ್ಲಾಸು ಹೆಂಚು ಹಾರಿಹೋಗುವ ಹಾಗೆ ನಕ್ಕಿತು. ಅನಿಲ ಅನ್ನಬೇಕಾದ ಕಡೆ ಬಾಣಂತಿ ಅಂದಿದ್ದೇನೆಂದು ವಿಜ್ಞಾನದ ಮೇಷ್ಟ್ರಾದ ಅವನಿಗೆ ಹೊಳೆಯುವಷ್ಟರಲ್ಲಿ ಕೈಯಲ್ಲಿದ್ದ ಸೀಮೆಸುಣ್ಣ ಮುರಿದಿತ್ತು.

ಅದು ಧೂಮಕೇತು ಬಂದುಹೋದ ವರ್ಷ. ಬುಕ್ಕಾಪಟ್ಟಣದ ಹುಡುಗರು ಆಕಾಶದ ಸುದ್ದಿ ಕೇಳುವುದನ್ನು ಇನ್ನೂ ಬಿಟ್ಟಿರಲಿಲ್ಲ. ಹಾಗಾಗಿ ತುಮಕೂರಿನ ಮೇಷ್ಟ್ರುಗಳ ಶಿಬಿರದಲ್ಲಿ ಕೇಳಿಬಂದಿದ್ದನ್ನು, ಪುಸ್ತಕದಲ್ಲಿ ಇಲ್ಲದಿದ್ದರೂ, ಬೋರಯ್ಯ ಹೇಳತೊಡಗಿದ್ದ. ಗೆಲಾಕ್ಸಿ ಅಂದರೆ ನಕ್ಷತ್ರಗಳ ದೊಡ್ಡ ಹಿಂಡು. ಅದರ ನಟ್ಟನಡುವೆ ಒಂದು ಕಪ್ಪುಕುಳಿ. ಹಿಂಡಿನ ಮುಂದೆ ಅದು ಸಾಸಿವೆಕಾಳು. ಅದರೊಳಕ್ಕೆ ಬೀಳಲು ಬಂದ ಅನಿಲ ಗಿರಗಿರ ಸುತ್ತುತ್ತಾ ಕಾದು ಧಗಧಗ ಉರಿಯುತ್ತದೆ. ಆ ಉರಿಯಿಂದ ಎದ್ದ ಗಾಳಿ ಪಕ್ಕದ್ದನ್ನು ಮಾತ್ರವಲ್ಲ, ಹಿಂಡಿನ ಅಂಚಿನಲ್ಲಿರುವ ಅನಿಲವನ್ನೂ ಆಚೆಗೆ ನೂಕುತ್ತದೆ.

"ಆಚಿಕ್ಕೋದ್ರೆ ಏನಾಯ್ತದೆ ಸಾ?" ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ನಕ್ಷತ್ರ ಹುಟ್ಟೋದೇ ಆ ಅನಿಲದಿಂದ ಕಣಯ್ಯಾ. ಅದು ಹೊರಟುಹೋದ್ರೆ ಹೊಸ ನಕ್ಷತ್ರ ಹುಟ್ಟೋದಿಲ್ಲ," ಎಂದು ಕಿಟಕಿಯ ಕಡೆ ತಿರುಗಿದ.

ಹೊರಗೆ ಜಡಿಮಳೆ. ಅವನ ಹೆಂಡತಿ ಈರಕ್ಕ ಹೆತ್ತು ವಾರವೂ ಆಗಿರಲಿಲ್ಲ. ಅವರ ಕುಲದವರ ಹಟ್ಟಿಯ ನಡುವೆ ಇರುವ ದೇವರಿಗೆ ಸೂತಕ ಆಗದೆಂದು, ಎಲ್ಲ ಬಾಣಂತಿಯರ ಹಾಗೆ ಅವಳೂ ಮುಳ್ಳುಬೇಲಿಯ ಆಚೆ ಸೊಪ್ಪಿನ ಗುಡ್ಲಿನಲ್ಲಿ ಮಗುವಿನೊಡನೆ ಇದ್ದಳು. ಬೋರಯ್ಯನೂ ಅಂಥ ಗುಡ್ಲಿನಲ್ಲೇ ಹುಟ್ಟಿದವನು. ಬೆಳಿಗ್ಗೆ ದೂರ ನಿಂತು ಕೂಗಿದಾಗ ಮಗುವಿನ ಅಳು ಕೇಳಿಸಿರಲಿಲ್ಲ. "ಮಲಗವ್ಳೆ," ಎಂದಿದ್ದಳು ಈರಕ್ಕ. ಸದ್ಯ ಅಂದುಕೊಂಡು ಸ್ಕೂಲಿಗೆ ಬಂದಿದ್ದ. ಈ ಮಳೆಯಲ್ಲಿ ಅದು ನಿದ್ದೆಯೋ, ಚಳಿಗೆ ಸೆಟೆದದ್ದೋ ಎಂದು ಈಗ ಅನುಮಾನ ಹುಟ್ಟಿತು.

ಹೆಡ್‌ಮಾಸ್ಟರಿಗೆ ಹೊಟ್ಟೆನೋವೆಂದು ಹೇಳಿ ಸೈಕಲ್ಲು ಹತ್ತಿದ. ಗ್ರಹಣದ ದಿನ ಹುಡುಗರೆದುರು ಬಾಳೆಹಣ್ಣು ಸುಲಿದು ತಿಂದ ಗಂಡಸು ಇವನೇ. ಆದರೆ ಬಾಳೆಹಣ್ಣು ತಿಂದಾಗ ಪಣಕ್ಕಿದ್ದದ್ದು ತನ್ನ ಹೊಟ್ಟೆ, ಈಗ ಕೂಸು. ಮುಟ್ಟಿದರೆ ದೇವರ ಭಯ, ಬಿಟ್ಟರೆ ಚಳಿಯ ಭಯ. ಅತ್ತ ದರಿ, ಇತ್ತ ಪುಲಿ. ಅವಸರದಲ್ಲಿ ಎರಡು ಸಲ ಕೆಸರಿಗೆ ಬಿದ್ದ.

ಬೇಲಿಯ ಬಾಯಲ್ಲಿ ಅವನ ತಾಯಿ ಜುಂಜಮ್ಮ ಕಂಬಳಿ ಹೊದ್ದು ನಿಂತಿದ್ದಳು.

"ಯಾಕ್ಲಾ, ಇಷ್ಟೊತ್ಗೇ ಬಂದ್ಬುಟ್ಟೆ?"

"ಕೂಸು ಅಳ್ತೇನವ್ವಾ?"

"ಬೆಳಿಗ್ಗೆಯಿಂದ ಕೇಳ್ನಿಲ್ಲ ಕಣ್ಲಾ."

"ಆಸ್ಪತ್ರೆಗೆ ಕರ್ಕಂಡೋಯ್ತೀನಿ."

ಜುಂಜಮ್ಮ ಅಂಗೈ ಜೋಡಿಸಿದಳು. "ಬ್ಯಾಡ ಕಣಪ್ಪಾ, ಮುಟ್ಬ್ಯಾಡ. ಮುಟ್ದೋರೂ ಆಚೆಗೇಯ. ದ್ಯಾವ್ರು ಸುಮ್ಕಿರಾಕಿಲ್ಲ, ಕೂಸಿನ್ ಮ್ಯಾಲೇ ಬತ್ತದೆ. ನಿನಗಿಂತ ಮುಂದ್ಲೋಳು ಒಬ್ಳಿದ್ಲು. ಇಂಗೇ ಮಳೆ. ಅಲ್ಲೇ ಸೆಟ್ಕಂಡೋದ್ಲು. ಆದ್ರೂ ನಾನು ಸೂತಕದ ಗಡುವು ಮುಗಿಯೋಗಂಟ ಹಟ್ಟಿ ಒಳೀಕೆ ಕಾಲಿಕ್ನಿಲ್ಲ. ಅದುಕ್ಕೇ ನೀನು ಉಳ್ಕಂಡೆ."

ತನಗೆ ಅಕ್ಕ ಒಬ್ಬಳಿದ್ದಳೆಂದು ಬೋರಯ್ಯ ಕೇಳಿದ್ದು ಅದೇ ಮೊದಲು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು, ಹೀಗೆ ಹೆದರಿದವಳ ಮುಂದೆ ಯಾವ ವಿಜ್ಞಾನ ಹೇಳುವುದು? ಅವನು ಗುಡ್ಲಿನ ಕಡೆ ನಡೆದು, ಬಗ್ಗಿ ಒಳಗೆ ನುಗ್ಗಿದ.

ಒಳಗೆ ಕಾಲು ಮುಳುಗುವಷ್ಟು ನೀರು. ಈರಕ್ಕ ಕಲ್ಲಿನ ಮೇಲೆ ಮುದುರಿ ಕೂತು, ಬೆನ್ನಿಗೆ ಸೋರುತ್ತಿದ್ದ ಮಳೆಯನ್ನು ತಾನೇ ತಡೆಯುತ್ತಾ ಕೂಸನ್ನು ಎದೆಗೆ ಅವುಚಿಕೊಂಡಿದ್ದಳು.

"ಮುಟ್ಬ್ಯಾಡಿ," ಎಂದಳು. ಆದರೆ ಕೂಸನ್ನು ಅವನ ಕೈಗೆ ನೀಡಿದಳು. "ಮಲಗವ್ಳೆ ಅಂದ್ಕಂಡೆ. ಮೊಲೆ ಹಿಡೀನಿಲ್ಲ."

ಮಗುವಿನ ಪಾದ ನೀರಿನ ಗಡಿಗೆಯಷ್ಟು ತಣ್ಣಗಿತ್ತು. ಬೋರಯ್ಯ ಅಂಗಿಯ ಗುಂಡಿ ಕಿತ್ತು ಅದನ್ನು ಬರಿಯ ಎದೆಗೆ ಒತ್ತಿಕೊಂಡ. ಡವಡವ ಹೊಡೆದುಕೊಳ್ಳುತ್ತಿದ್ದದ್ದು ಅದರ ಎದೆಯೋ ತನ್ನದೋ ತಿಳಿಯಲಿಲ್ಲ. ಅಷ್ಟು ಭಯ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಒಂದು ಪುಟ್ಟ ಬಾಯಿ ಅವನ ಚರ್ಮದ ಮೇಲೆ ಏನನ್ನೋ ತಡಕಾಡಿತು. ಆಮೇಲೆ ಮೇಕೆಮರಿಯಂಥ ಸಣ್ಣ ದನಿ. ಬೋರಯ್ಯ ಗೊಳೋ ಎಂದು ಅತ್ತುಬಿಟ್ಟ.

ಈರಕ್ಕನನ್ನು ಸೈಕಲ್ಲಿನ ಹಿಂದೆ ಕೂರಿಸಿ, ಅಂಗಿಯೊಳಗೆ ಕೂಸನ್ನಿಟ್ಟುಕೊಂಡು ತಳ್ಳತೊಡಗಿದ. ಬೇಲಿಯ ಕಡೆ ನೋಡಲಿಲ್ಲ. ಹಿಂದೆ ಕೆಸರು ತುಳಿಯುವ ಸದ್ದಾಯಿತು. ಜುಂಜಮ್ಮ ಓಡಿಬಂದು, ಹೊದ್ದಿದ್ದ ಕಂಬಳಿ ತೆಗೆದು ಸೊಸೆಗೆ ಹೊದಿಸಿ, ಅಂಚನ್ನು ಸೊಸೆಯ ಕತ್ತಿನ ಕೆಳಗೆ ತನ್ನ ಕೈಯಿಂದಲೇ ಸಿಕ್ಕಿಸಿದಳು.

"ಅವ್ವಾ, ಮುಟ್ಬುಟ್ಟಲ್ಲೇ," ಎಂದ ಬೋರಯ್ಯ.

"ಊಂ ಕಣ್ಲಾ. ತಳ್ಳು."

ಮುದುಕಿಯ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಗೋ ಹೆದರಿಕೆಗೋ. ಒಂದು ಕೈಯಲ್ಲಿ ಸೈಕಲ್ಲಿನ ಕ್ಯಾರಿಯರು ಹಿಡಿದು, ಇನ್ನೊಂದರಲ್ಲಿ ಈರಕ್ಕನ ಬೆನ್ನು ಉಜ್ಜುತ್ತಾ, ಅವಳು ಮಳೆಯಲ್ಲಿ ನಡೆದಳು.